ಮೋಲಿ ಒರ್ಶಾನ್‌ಸ್ಕಿ: ಬಡತನ ರೇಖೆಯ ಆ ‘ಮೂರು ಪಟ್ಟು’ ಎಲ್ಲಿಂದ ಬಂತು?

ಅಮೆರಿಕದ ಬಡತನ ರೇಖೆ ಎಂದರೆ ಹೆಚ್ಚಿನ ನೋಟ್ಸ್‌ಗಳಲ್ಲಿ ಸಿಗುವುದು ಒಂದೇ ಸಾಲು: ಆಹಾರದ ವೆಚ್ಚ × 3. ಈ ಲೆಕ್ಕ ಕಟ್ಟಿದವರು ಸರ್ಕಾರಿ ನೌಕರಿಯಲ್ಲಿದ್ದ ಅರ್ಥಶಾಸ್ತ್ರಜ್ಞೆ ಮೋಲಿ ಒರ್ಶಾನ್‌ಸ್ಕಿ. ಸಾಲು ತಪ್ಪಲ್ಲ. ಆದರೆ ಆ 3 ಯಾರ ಮನೆಯ ಖರ್ಚಿನಿಂದ ಬಂತು ಎಂಬುದನ್ನು ಹಿಡಿಯದಿದ್ದರೆ ಅವರ ಕೆಲಸದ ತಿರುಳೇ ಕೈತಪ್ಪುತ್ತದೆ. ಆದ್ದರಿಂದ ಈ ಟಿಪ್ಪಣಿಯ ಬಹುಪಾಲು ಅದಕ್ಕೇ ಮೀಸಲು.

ಬದುಕು

ಹುಟ್ಟಿದ್ದು 1915ರ ಜನವರಿ 9ರಂದು, ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ. ತಂದೆ-ತಾಯಿ ಉಕ್ರೇನ್‌ನಿಂದ ವಲಸೆ ಬಂದವರು. ಮನೆಯಲ್ಲಿ ಕಡುಬಡತನ, ತಾಯಿಯ ಜೊತೆ ಪರಿಹಾರದ ಆಹಾರಕ್ಕಾಗಿ ಸಾಲಿನಲ್ಲಿ ನಿಂತ ಬಾಲ್ಯ. ಬಡವರ ಬಗ್ಗೆ ಬರೆಯಲು ತಮಗೆ ಕಲ್ಪನೆ ಬೇಕಿಲ್ಲ, ನೆನಪೇ ಸಾಕು ಎಂದು ಮುಂದೆ ಅವರೇ ಹೇಳುತ್ತಿದ್ದರು. 1935ರಲ್ಲಿ ಹಂಟರ್ ಕಾಲೇಜಿನಿಂದ ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ ಪದವಿ, 1936ರಲ್ಲಿ ಫೆಡರಲ್ ಸರ್ಕಾರದ ಮಕ್ಕಳ ಬ್ಯೂರೋದಲ್ಲಿ ಕೆಲಸ. 1945ರಿಂದ 1958ರವರೆಗೆ ಹೆಚ್ಚಿನ ಕಾಲ ಕೃಷಿ ಇಲಾಖೆ. 1958ರಲ್ಲಿ ಪಿಂಚಣಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸೋಷಿಯಲ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಸೇರಿ, 1982ರಲ್ಲಿ ನಿವೃತ್ತಿ. 2006ರ ಡಿಸೆಂಬರ್‌ನಲ್ಲಿ ನಿಧನ.

ಇದರಲ್ಲಿ ಕೃಷಿ ಇಲಾಖೆಯ ವರ್ಷಗಳಿಗೆ ಅಡಿಗೆರೆ ಎಳೆದುಕೊಳ್ಳಿ. ಕುಟುಂಬಗಳು ಏನು ಉಣ್ಣುತ್ತವೆ, ಎಷ್ಟು ಖರ್ಚು ಮಾಡುತ್ತವೆ ಎಂಬ ಕೋಷ್ಟಕಗಳು ಅವರಿಗೆ ಕರತಲಾಮಲಕವಾದದ್ದು ಅಲ್ಲಿ. ಮುಂದಿನ ಲೆಕ್ಕಕ್ಕೆ ಬೇಕಾದ ಎರಡೂ ಅಂಕಿಗಳು ಆ ಇಲಾಖೆಯವೇ.

ಲೆಕ್ಕ ಕಟ್ಟಿದ ಬಗೆ

ಮೊದಲ ಲೇಖನ 1963ರ ಜುಲೈನಲ್ಲಿ, ಮಕ್ಕಳಿರುವ ಬಡ ಕುಟುಂಬಗಳ ಬಗ್ಗೆ. ಎಲ್ಲ ಬಗೆಯ ಕುಟುಂಬಗಳಿಗೂ ವಿಸ್ತರಿಸಿದ ಲೇಖನ 1965ರ ಜನವರಿಯಲ್ಲಿ. ಎರಡೂ ಅವರ ಸಂಸ್ಥೆಯ ಬುಲೆಟಿನ್‌ನಲ್ಲೇ ಬಂದವು.

ಮೊದಲು ಆಹಾರ. ಕೃಷಿ ಇಲಾಖೆಯ ಆಹಾರ ಯೋಜನೆಗಳಲ್ಲಿ ತೀರಾ ಅಗ್ಗದ್ದು ‘ಎಕಾನಮಿ ಪ್ಲಾನ್’. ಇದರ ವೆಚ್ಚ ಒಂದು ಮೆಟ್ಟಿಲು ಮೇಲಿನ ‘ಲೋ-ಕಾಸ್ಟ್ ಪ್ಲಾನ್’ ವೆಚ್ಚದ ಶೇ. 75-80ರಷ್ಟು ಮಾತ್ರ. ಕೈಯಲ್ಲಿ ಕಾಸಿಲ್ಲದಾಗ ತಾತ್ಕಾಲಿಕವಾಗಿ ಬಳಸಲೆಂದೇ ಮಾಡಿದ್ದು. ಹೋಟೆಲ್ ಊಟಕ್ಕೆ ಅಲ್ಲಿ ಜಾಗವಿಲ್ಲ. ಪ್ರತಿ ಸದಸ್ಯರ ವಯಸ್ಸು, ಲಿಂಗ ನೋಡಿ ವೆಚ್ಚ ಕೂಡಿಸಬೇಕು.

ಆಮೇಲೆ ಗುಣಕ, ಅಂದರೆ ಆಹಾರದ ವೆಚ್ಚವನ್ನು ಎಷ್ಟರಿಂದ ಗುಣಿಸಬೇಕು ಎಂಬ ಅಂಕಿ. 1955ರ ಆಹಾರ ಬಳಕೆ ಸಮೀಕ್ಷೆಯ ಪ್ರಕಾರ ಮೂರು ಅಥವಾ ಹೆಚ್ಚು ಜನರ ಕುಟುಂಬಗಳು ತೆರಿಗೆ ಕಳೆದು ಉಳಿದ ಆದಾಯದಲ್ಲಿ ಸರಾಸರಿ ಮೂರನೇ ಒಂದು ಭಾಗವನ್ನು ಆಹಾರಕ್ಕೆ ಇಡುತ್ತಿದ್ದವು. ಹಾಗಾಗಿ 3. ಇಬ್ಬರ ಮನೆಯಲ್ಲಿ ಆ ಪಾಲು ಶೇ. 27, 1 ÷ 0.27 = 3.70. ಒಬ್ಬರೇ ಇರುವ ಮನೆಗೆ ಗುಣಕವಿಲ್ಲ, ಇಬ್ಬರ ರೇಖೆಯ ಶೇ. 80.

ಕೃಷಿಯೇತರ ನಾಲ್ವರ ಕುಟುಂಬಕ್ಕೆ 1963ರಲ್ಲಿ ಸರಾಸರಿ ಸುಮಾರು 3,130 ಡಾಲರ್ ಬಂತು. ಇದನ್ನು ಹಿಂದಕ್ಕೆ ಬಿಡಿಸಿ ನೋಡಿ: 3ರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 1,043 ಡಾಲರ್ ಆಹಾರ, ದಿನಕ್ಕೆ 2.86, ತಲೆಗೆ 71 ಸೆಂಟ್. ಮೂರು ಹೊತ್ತಿಗೆ ಹಂಚಿದರೆ ಹೊತ್ತಿಗೆ 24 ಸೆಂಟ್ ಕೂಡ ಇಲ್ಲ. ರೇಖೆ ಎಷ್ಟು ಬಿಗಿ ಎಂಬುದು ಅರ್ಥವಾಗುವುದು ಈ ಅಂಕಿಯಿಂದಲೇ.

ಗಂಟು ಇರುವುದು ಇಲ್ಲಿ

ಎಂಗೆಲ್ ನಿಯಮ ಓದಿದವರಿಗೆ ಕೂಡಲೇ ಏಳುವ ಪ್ರಶ್ನೆ: ಆದಾಯ ಕಡಿಮೆಯಾದಷ್ಟೂ ಆಹಾರದ ಪಾಲು ಹೆಚ್ಚುತ್ತದೆ. ಬಡವರು ಅರ್ಧದಷ್ಟನ್ನು ಊಟಕ್ಕೇ ಹಾಕುವಾಗ ಮೂರನೇ ಒಂದು ಭಾಗ ಹೇಗೆ ಸರಿ?

ಉತ್ತರ: ಆ ಮೂರನೇ ಒಂದು ಭಾಗ ಬಡವರ ಖರ್ಚಿನ ವರ್ಣನೆಯೇ ಅಲ್ಲ. ಅದು ಎಲ್ಲ ಕುಟುಂಬಗಳ ಸರಾಸರಿ. ಉದಾಹರಣೆಗೆಂದು ಒಂದು ಸಾಧಾರಣ ಕುಟುಂಬ ಇಟ್ಟುಕೊಳ್ಳೋಣ: ಆದಾಯ 6,000, ಊಟಕ್ಕೆ 2,000, ಉಳಿದಿದ್ದಕ್ಕೆ 4,000. ಆದಾಯ ಕುಸಿಯಿತು, ಊಟವನ್ನೂ ಉಳಿದ ಖರ್ಚನ್ನೂ ಒಂದೇ ಪ್ರಮಾಣದಲ್ಲಿ ಕಡಿತ ಮಾಡುತ್ತಾ ಬಂತು. ಊಟದ ಖರ್ಚು ಎಕಾನಮಿ ಪ್ಲಾನ್‌ನ ವೆಚ್ಚಕ್ಕೆ, 1,000 ಎನ್ನೋಣ, ಮುಟ್ಟಿದಾಗ ಒಟ್ಟು 3,000. ಆಗ ಬಾಡಿಗೆ, ಬಟ್ಟೆ, ಔಷಧಕ್ಕೆ ಉಳಿಯುವ 2,000 ಕೂಡ ಅಷ್ಟೇ ಬಿಗಿಯಾದ ಕನಿಷ್ಠ ಎಂಬುದು ಒರ್ಶಾನ್‌ಸ್ಕಿಯವರ ಊಹೆ.

ಈಗ ಬಡವರದೇ ಪಾಲನ್ನು, ಅಂದರೆ ಅರ್ಧವನ್ನು, ತೆಗೆದುಕೊಳ್ಳಿ. ಗುಣಕ 2, ರೇಖೆ 2,000ಕ್ಕೆ ಇಳಿಯಿತು. ಬಡವರು ಬಟ್ಟೆ, ಔಷಧ ಬಿಟ್ಟು ಹೊಟ್ಟೆಗೆ ಹಾಕಿಕೊಂಡಷ್ಟೂ ಗುಣಕ ಕುಗ್ಗುತ್ತದೆ, ರೇಖೆ ಇಳಿಯುತ್ತದೆ, ಕಾಗದದ ಮೇಲೆ ಬಡವರು ಕಡಿಮೆಯಾಗುತ್ತಾರೆ! ಅವರ ಕೊರತೆಯನ್ನೇ ಅವರ ಅಗತ್ಯವೆಂದು ಬರೆದುಕೊಂಡಂತೆ. ಒರ್ಶಾನ್‌ಸ್ಕಿ ಇದನ್ನು ತಿಳಿದೇ ತಪ್ಪಿಸಿದರು. ನನ್ನ ಮಟ್ಟಿಗೆ ಅವರ ಇಡೀ ಕೆಲಸದಲ್ಲಿ ಅತ್ಯಂತ ಗಟ್ಟಿಯಾದ ಹೆಜ್ಜೆ ಇದು.

ನಮ್ಮಲ್ಲಿ ಗೊಂದಲ ಹೆಚ್ಚಲು ಇನ್ನೊಂದು ಕಾರಣ, ಭಾರತದ ಯೋಜನಾ ಆಯೋಗದ 1979ರ ಕಾರ್ಯಪಡೆಯ ರೇಖೆಯನ್ನು ಇದರ ಪಕ್ಕದಲ್ಲೇ ಓದುವುದು. ತಲಾ ದಿನಕ್ಕೆ ಗ್ರಾಮೀಣ 2,400, ನಗರ 2,100 ಕ್ಯಾಲರಿ. 1973-74ರ ಬೆಲೆಯಲ್ಲಿ ತಲಾ ತಿಂಗಳಿಗೆ 49.09 ಮತ್ತು 56.64 ರೂಪಾಯಿ. ಇಲ್ಲಿ ಗುಣಕವೇ ಇಲ್ಲ. ಯಾವ ವೆಚ್ಚದ ಮಟ್ಟದಲ್ಲಿ ಜನರಿಗೆ ವಾಸ್ತವವಾಗಿ ಅಷ್ಟು ಕ್ಯಾಲರಿ ಸಿಗುತ್ತಿತ್ತು ಎಂದು ಸಮೀಕ್ಷೆಯಿಂದ ಓದಿಕೊಂಡದ್ದು. ಆಹಾರೇತರ ಖರ್ಚಿಗೆ ಆ ಮಟ್ಟದವರು ಮಾಡುತ್ತಿದ್ದಷ್ಟೇ ಲೆಕ್ಕ. ಎರಡೂ ಆಹಾರದಿಂದ ಹೊರಟರೂ ಹಿಡಿದ ದಾರಿ ಬೇರೆ.

ಲೆಕ್ಕದಿಂದ ಏನು ಬದಲಾಯಿತು

1964ರಲ್ಲಿ ಅಧ್ಯಕ್ಷರ ಆರ್ಥಿಕ ಸಲಹೆಗಾರರ ಮಂಡಳಿ ಬಳಸಿದ್ದು ಒಂದೇ ಗೆರೆ: ಕುಟುಂಬಕ್ಕೆ 3,000 ಡಾಲರ್. ವಯಸ್ಸಾದ ಗಂಡ-ಹೆಂಡತಿಗೂ ಅದೇ, ಆರು ಮಕ್ಕಳಿರುವ ಮನೆಗೂ ಅದೇ. ಒರ್ಶಾನ್‌ಸ್ಕಿ ಲೆಕ್ಕದಲ್ಲಿ ಬಡವರ ಒಟ್ಟು ಸಂಖ್ಯೆ ಹೆಚ್ಚು ಕಡಿಮೆ ಅಷ್ಟೇ ಬಂತು, ಆದರೆ ಒಳಗಿರುವವರು ಬದಲಾದರು: ಮಕ್ಕಳು ಸುಮಾರು 40 ಲಕ್ಷ ಹೆಚ್ಚಾಗಿ ಒಂದೂವರೆ ಕೋಟಿ ಮುಟ್ಟಿದರು. ಕುಟುಂಬದ ಗಾತ್ರ ನೋಡದ ಗೆರೆ ಮಕ್ಕಳನ್ನು ಮರೆಮಾಚುತ್ತಿತ್ತು.

ಒರ್ಶಾನ್‌ಸ್ಕಿ ಕೊಟ್ಟದ್ದು ಎರಡು ಮಟ್ಟದ ರೇಖೆ, ಎಕಾನಮಿ ಮತ್ತು ಲೋ-ಕಾಸ್ಟ್. 1965ರ ಮೇನಲ್ಲಿ ಬಡತನ ವಿರೋಧಿ ಕಾರ್ಯಕ್ರಮದ ಕಚೇರಿ ಎತ್ತಿಕೊಂಡದ್ದು ಕೆಳಗಿನದನ್ನು. ಎಷ್ಟಿದ್ದರೆ ಸಾಕು ಎಂದು ಹೇಳಲಾಗದಿದ್ದರೂ ಎಷ್ಟು ತೀರಾ ಕಡಿಮೆ ಎಂದು ಧೈರ್ಯವಾಗಿ ಹೇಳಬಹುದು ಎಂಬುದು ಒರ್ಶಾನ್‌ಸ್ಕಿಯವರ ನಿಲುವಾಗಿತ್ತು. ಹಾಗಾಗಿ ರೇಖೆಯಿಂದ ಒಂದು ಡಾಲರ್ ಮೇಲಿದ್ದವರು ಚೆನ್ನಾಗಿದ್ದಾರೆ ಎಂದು ಓದುವುದು ಅವರ ಲೆಕ್ಕಕ್ಕೆ ಮಾಡುವ ಅನ್ಯಾಯ.

ಎಡವುವ ಜಾಗಗಳು

ಪ್ರತಿ ವರ್ಷ ಆಹಾರದ ವೆಚ್ಚ ತೆಗೆದು 3ರಿಂದ ಗುಣಿಸುತ್ತಾರೆ ಎಂದು ಬರೆಯಬೇಡಿ. 1969ರವರೆಗೆ ಎಕಾನಮಿ ಪ್ಲಾನ್‌ನ ಬೆಲೆಯೊಂದಿಗೆ ಏರಿಸುತ್ತಿದ್ದರು. 1969ರಲ್ಲಿ ಬಜೆಟ್ ಬ್ಯೂರೋ ಈ ರೇಖೆಯನ್ನು ಅಧಿಕೃತಗೊಳಿಸಿದ ಮೇಲೆ ಗ್ರಾಹಕ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಏರುತ್ತದೆ, ಅಷ್ಟೇ. ಜನರ ಜೀವನಮಟ್ಟ ಏರಿದಂತೆ ರೇಖೆಯೂ ಏರಲಿ ಎಂದು 1968ರಲ್ಲಿ ಸೋಷಿಯಲ್ ಸೆಕ್ಯುರಿಟಿಯವರು ಕೇಳಿದ್ದನ್ನು ಒಪ್ಪಲಿಲ್ಲ.

ಗುಣಕ ತೆರಿಗೆ ಕಳೆದ ಆದಾಯದ್ದು, ಹೋಲಿಸಿದ್ದು ಜನಗಣತಿ ಬ್ಯೂರೋದ ತೆರಿಗೆಪೂರ್ವ ಆದಾಯಕ್ಕೆ. ಇದು ಎಣಿಕೆಯನ್ನು ತಗ್ಗಿಸುತ್ತದೆ, ಹಿಗ್ಗಿಸುವುದಿಲ್ಲ. ಪರೀಕ್ಷೆಯಲ್ಲಿ ಉಲ್ಟಾ ಬರೆಯುವವರೇ ಹೆಚ್ಚು.

ಮೂಲದಲ್ಲಿ 124 ರೇಖೆಗಳಿದ್ದವು: ಕೃಷಿಯೇತರ 62, ಕೃಷಿ 62. ಮನೆಯ ಮುಖ್ಯಸ್ಥರು ಗಂಡೋ ಹೆಣ್ಣೋ ಎಂಬುದೂ ಲೆಕ್ಕಕ್ಕೆ ಬರುತ್ತಿತ್ತು. 1981ರಲ್ಲಿ ಈ ಎರಡೂ ಭೇದ ತೆಗೆದುಹಾಕಿ, ಕೊನೆಯ ಗಾತ್ರವನ್ನು ಒಂಬತ್ತು ಅಥವಾ ಹೆಚ್ಚು ಜನ ಎಂದು ಮಾಡಿ, 48ಕ್ಕೆ ಇಳಿಸಿದರು.