ಅನುಪಾತ ಪ್ರಾತಿನಿಧ್ಯ: ಬಿದ್ದ ವೋಟಿಗೆ ತಕ್ಕ ಸೀಟು

ಹೆಸರು ಕೇಳಿದರೆ ಗಣಿತದ ಪಾಠ ಅನಿಸುತ್ತದೆ. ಅರ್ಥ ಸರಳ. ಒಂದು ಪಕ್ಷಕ್ಕೆ ದೇಶದಲ್ಲಿ ನೂರಕ್ಕೆ 30 ವೋಟು ಬಿದ್ದಿದ್ದರೆ, ಸಂಸತ್ತಿನಲ್ಲೂ ಅದಕ್ಕೆ ಹೆಚ್ಚುಕಡಿಮೆ ಅಷ್ಟೇ ಪಾಲು ಸೀಟು ಸಿಗಬೇಕು. ಇದೇ ಅನುಪಾತ ಪ್ರಾತಿನಿಧ್ಯ.

ಹಾಗೇ ಅಲ್ವಾ ಆಗೋದು ಅಂತ ನೀವು ಕೇಳಬಹುದು. ಎಲ್ಲ ಕಡೆ ಹಾಗಾಗುವುದಿಲ್ಲ. ಕ್ಷೇತ್ರಕ್ಕೆ ಒಬ್ಬರೇ ಪ್ರತಿನಿಧಿ, ಜಾಸ್ತಿ ವೋಟು ಪಡೆದವರೇ ಗೆದ್ದರು ಎನ್ನುವ ಪದ್ಧತಿಯಲ್ಲಿ ಸೋತವರಿಗೆ ಬಿದ್ದ ವೋಟು ಅಲ್ಲಿಗೇ ಮುಗಿಯಿತು. ಬ್ರಿಟನ್ನಿನ 2024ರ ಚುನಾವಣೆ ನೋಡಿ. ಲೇಬರ್ ಪಕ್ಷಕ್ಕೆ ನೂರಕ್ಕೆ ಸುಮಾರು 34 ವೋಟು, ಆದರೆ ಸೀಟು ನೂರಕ್ಕೆ 63. ರಿಫಾರ್ಮ್ ಪಕ್ಷಕ್ಕೆ 14ರಷ್ಟು ವೋಟು ಬಿದ್ದರೂ 650ರಲ್ಲಿ ಸಿಕ್ಕಿದ್ದು ಬರೀ 5 ಸೀಟು. ಅದಕ್ಕಿಂತ ಕಡಿಮೆ ವೋಟು ಪಡೆದ ಲಿಬರಲ್ ಡೆಮಾಕ್ರಾಟರಿಗೆ 72! ರಿಫಾರ್ಮ್ ಪಕ್ಷ ನಮಗೆ ಹಿಡಿಸುತ್ತದೋ ಇಲ್ಲವೋ, ಅದು ಬೇರೆ ಮಾತು. ಸಾಲಲ್ಲಿ ನಿಂತು ವೋಟು ಹಾಕಿದವರಿಗೆ ಆಗಿದ್ದು ಅನ್ಯಾಯವೇ.

ಇದನ್ನು ಸರಿಪಡಿಸಿಕೊಂಡ ದೇಶ ನ್ಯೂಜಿಲೆಂಡ್. ಅಲ್ಲಿ 1978ರಲ್ಲೂ 1981ರಲ್ಲೂ ಜಾಸ್ತಿ ವೋಟು ಬಿದ್ದಿದ್ದು ಲೇಬರ್ ಪಕ್ಷಕ್ಕೆ, ಸರ್ಕಾರ ಮಾಡಿದ್ದು ನ್ಯಾಷನಲ್ ಪಕ್ಷ. 1981ರಲ್ಲಿ ಸೋಷಿಯಲ್ ಕ್ರೆಡಿಟ್ ಎಂಬ ಪಕ್ಷಕ್ಕೆ ಐದರಲ್ಲಿ ಒಂದು ಪಾಲು ವೋಟು ಬಂತು. ಸೀಟು? 92ರಲ್ಲಿ ಎರಡೇ ಎರಡು. 1986ರಲ್ಲಿ ತನಿಖಾ ಆಯೋಗವೊಂದು ಪದ್ಧತಿಯನ್ನೇ ಬದಲಿಸಿ ಎಂದಿತು. 1993ರ ಜನಮತಗಣನೆಯಲ್ಲಿ ಜನ ಒಪ್ಪಿದರು. 1996ರಿಂದ ಅಲ್ಲಿ ಒಬ್ಬೊಬ್ಬರಿಗೂ ಎರಡು ವೋಟು: ಒಂದು ತಮ್ಮ ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಯಾವ ಪಕ್ಷಕ್ಕೆ ಒಟ್ಟು ಎಷ್ಟು ಸೀಟು ಅನ್ನೋದು ಈ ಎರಡನೇ ವೋಟಿನಿಂದ ತೀರ್ಮಾನವಾಗುತ್ತದೆ. ಇದನ್ನು ಮಿಶ್ರ ಪದ್ಧತಿ ಅನ್ನುತ್ತಾರೆ. ನನಗೆ ತುಂಬ ಒಪ್ಪಿಗೆಯಾದದ್ದೂ ಇದೇ. ನಮ್ಮ ಪ್ರತಿನಿಧಿ ಇವರು ಅಂತ ಒಬ್ಬರು ಉಳಿಯುತ್ತಾರೆ, ಲೆಕ್ಕವೂ ತಪ್ಪುವುದಿಲ್ಲ.

ಪಕ್ಷ ಕೊಡುವ ಅಭ್ಯರ್ಥಿಗಳ ಪಟ್ಟಿಗೆ ಮಾತ್ರ ವೋಟು ಹಾಕುವ ದೇಶಗಳೂ ಇವೆ.

ಸಣ್ಣ ಪಕ್ಷಗಳು ಜಾಸ್ತಿಯಾಗುತ್ತವೆ, ಸರ್ಕಾರ ನಿಲ್ಲುವುದಿಲ್ಲ ಅನ್ನುವ ಆಕ್ಷೇಪ ಇದ್ದೇ ಇದೆ. ಅದು ಸುಮ್ನೆ ತಳ್ಳಿಹಾಕುವ ಮಾತಲ್ಲ. ಅದಕ್ಕೇ ಜರ್ಮನಿ, ನ್ಯೂಜಿಲೆಂಡ್ ನೂರಕ್ಕೆ 5 ವೋಟಿನ ಗೆರೆ ಎಳೆದಿವೆ. ಅಷ್ಟೂ ಬಾರದ ಪಕ್ಷಕ್ಕೆ ಸಾಮಾನ್ಯವಾಗಿ ಈ ಪಾಲು ಸಿಗುವುದಿಲ್ಲ. ಸಮ್ಮಿಶ್ರ ಸರ್ಕಾರ ಬರುವುದು ನಿಜ. ಆದರೆ ಅರ್ಧಕ್ಕಿಂತ ಜಾಸ್ತಿ ಜನರ ವೋಟು ಬೆನ್ನಿಗಿರುವ ಕೂಟ, 34ರ ಬಲದಲ್ಲಿ ಎಲ್ಲವನ್ನೂ ಒಬ್ಬರೇ ನಡೆಸುವುದಕ್ಕಿಂತ ಮೇಲು ಎಂದೇ ನನ್ನ ನಂಬಿಕೆ.

ಜನಕ್ಕೆ ಇದು ಅರ್ಥವಾಗುವುದಿಲ್ಲ ಅನ್ನುವವರೂ ಇದ್ದಾರೆ. ಅನುಪಾತ ಪ್ರಾತಿನಿಧ್ಯದ ಇನ್ನೊಂದು ಬಗೆ ಇರುವ ಐರ್ಲೆಂಡನ್ನು ನೋಡಿ. ಅಲ್ಲಿ ಒಂದೊಂದು ಕ್ಷೇತ್ರದಿಂದ ಮೂರರಿಂದ ಐದು ಮಂದಿ ಆರಿಸಿ ಬರುತ್ತಾರೆ. ಮತದಾರರು ಹೆಸರುಗಳ ಮುಂದೆ 1, 2, 3 ಎಂದು ಬರೆಯುತ್ತಾರೆ. ಮೊದಲ ಆಯ್ಕೆಯವರು ಗೆಲ್ಲುವ ಹಾಗಿಲ್ಲದಿದ್ದರೆ ಆ ವೋಟು ಎರಡನೆಯವರಿಗೆ ಹೋಗುತ್ತದೆ. ಇದನ್ನು ಕಿತ್ತುಹಾಕಲು ಅಲ್ಲಿನ ಸರ್ಕಾರ 1959ರಲ್ಲೂ 1968ರಲ್ಲೂ ಜನರನ್ನು ಕೇಳಿತು. ಎರಡು ಸಲವೂ ಜನ ಕಿತ್ತುಹಾಕೋದು ಬೇಡ ಅಂದರು.