ಫ್ರೈಡ್ ಚಿಕನ್: ಯಾರ ಕೈರುಚಿ, ಮನೆಯಲ್ಲಿ ಮಾಡುವುದು ಹೇಗೆ

ಕೆಎಫ್‌ಸಿ ಭಾರತದ ತನ್ನ ಮೊದಲ ಮಳಿಗೆಯನ್ನು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ 1995ರ ಜೂನ್‌ನಲ್ಲಿ ತೆರೆಯಿತು. ಅಜಿನೊಮೊಟೊ ಮಿತಿ ಮೀರಿದೆ ಎಂದು ಅದೇ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಪರವಾನಗಿ ರದ್ದು ಮಾಡಿತು, ಹೈಕೋರ್ಟ್ ಅದಕ್ಕೆ ತಡೆ ನೀಡಿತು. 1996ರ ಜನವರಿ 30ರಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದ ಕಾರ್ಯಕರ್ತರು ಮಳಿಗೆಗೆ ನುಗ್ಗಿದರು. ಬಹುರಾಷ್ಟ್ರೀಯ ಬಂಡವಾಳದ ವಿರುದ್ಧದ ಆ ಸಿಟ್ಟಿಗೆ ಅದರದೇ ಕಾರಣಗಳಿದ್ದವು. ಆದರೆ ಆ ಜಗಳದಿಂದಾಗಿ ನಮ್ಮಲ್ಲಿ ಅನೇಕರಿಗೆ ಫ್ರೈಡ್ ಚಿಕನ್ ಎಂದರೆ ಒಂದು ಕಂಪನಿಯ ಮಾಲು ಎಂದಷ್ಟೇ ಆಯಿತು. ಇದು ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಹೆಂಗಸರ ಕೈಯಲ್ಲಿ ಪಳಗಿದ ಅಡುಗೆ. ಆ ಶ್ರೇಯ ಅವರಿಗೆ ಸಲ್ಲಲೇಬೇಕು.

ವರ್ಜೀನಿಯಾದಲ್ಲಿ 1692ರ ಒಂದು ಕಾನೂನು ಗುಲಾಮರ ಕೈಯಿಂದ ಕುದುರೆ, ದನ, ಹಂದಿಗಳನ್ನು ಕಿತ್ತುಕೊಂಡಿತು. ಅದರಲ್ಲಿ ಕೋಳಿಯ ಮಾತಿರಲಿಲ್ಲ. ಹಾಗಾಗಿ ಗುಡಿಸಲ ಸುತ್ತ ಕೋಳಿ ಸಾಕಿ, ಮೊಟ್ಟೆ ಮತ್ತು ಮರಿ ಮಾರಿ ಒಂದಿಷ್ಟು ಕಾಸು ಕಾಣುವ ದಾರಿ ಉಳಿಯಿತು. ಕರಿಯುವ ವಿದ್ಯೆಯನ್ನು ಸ್ಕಾಟ್ಲೆಂಡಿನ ವಲಸಿಗರು ತಂದರೆಂಬ ಮಾತು ಎಲ್ಲ ಕಡೆ ಓಡಾಡುತ್ತದೆ, ದಾಖಲೆ ಮಾತ್ರ ತೆಳು. ಪಶ್ಚಿಮ ಆಫ್ರಿಕದಲ್ಲಿ ತಾಳೆ ಎಣ್ಣೆಯಲ್ಲಿ ಕರಿಯುವ ರೂಢಿ ಮೊದಲೇ ಇತ್ತು. ವರ್ಜೀನಿಯಾದ ಮೇರಿ ರ‍್ಯಾಂಡಾಲ್ಫ್ 1824ರಲ್ಲಿ ಅಚ್ಚು ಹಾಕಿಸಿದ ಅಡುಗೆ ಪುಸ್ತಕದಲ್ಲಿ ಇದರ ವಿಧಾನವಿದೆ: ಕೋಳಿ ಕತ್ತರಿಸಿ, ಹಿಟ್ಟು ಸವರಿ, ಉಪ್ಪು ಉದುರಿಸಿ, ಹಂದಿಕೊಬ್ಬಿನಲ್ಲಿ ಹೊಂಬಣ್ಣಕ್ಕೆ ಕರಿಯುವುದು. ಬರೆದವರು ಮನೆಯೊಡತಿ. ಅಂಥ ಮನೆಗಳಲ್ಲಿ ಒಲೆಯ ಮುಂದೆ ನಿಲ್ಲುತ್ತಿದ್ದವರು ಗುಲಾಮ ಹೆಂಗಸರು.

ಗುಲಾಮಗಿರಿಯನ್ನು ಕೊನೆಗಾಣಿಸಿದ ಅಮೆರಿಕದ ಅಂತರ್ಯುದ್ಧದ ನಂತರ ಇದೇ ಅಡುಗೆ ಅವರಿಗೆ ಜೀವನೋಪಾಯವಾಯಿತು. ವರ್ಜೀನಿಯಾದ ಗಾರ್ಡನ್ಸ್‌ವಿಲ್ ಜಂಕ್ಷನ್ನಿನಲ್ಲಿ ರೈಲು ನಿಂತೊಡನೆ ಕಪ್ಪು ಹೆಂಗಸರು ತಲೆಯ ಮೇಲೆ ತಟ್ಟೆ ಹೊತ್ತು ಬಂದು ಕಿಟಕಿಗಳಿಗೆ ಕರಿದ ಕೋಳಿ ಎತ್ತಿಕೊಡುತ್ತಿದ್ದರು. ಆ ದುಡಿಮೆಯಿಂದ ಮನೆ ಕಟ್ಟಿಸಿಕೊಂಡವರಿದ್ದಾರೆ. ವರ್ಣಭೇದದ ಕಾಲದಲ್ಲಿ ಹೋಟೆಲುಗಳು ಕಪ್ಪು ಜನರಿಗೆ ಬಾಗಿಲು ಮುಚ್ಚಿದಾಗ, ಪ್ರಯಾಣ ಹೊರಟವರು ಶೂ ಡಬ್ಬಿಯಲ್ಲಿ ಫ್ರೈಡ್ ಚಿಕನ್ ಕಟ್ಟಿಕೊಂಡು ಹೋಗುತ್ತಿದ್ದರು, ಏಕೆಂದರೆ ಆರಿದರೂ ಇದರ ರುಚಿ ಕೆಡುವುದಿಲ್ಲ. ಬಸ್ಸುಗಳಲ್ಲಿನ ವರ್ಣಭೇದದ ವಿರುದ್ಧ 1955–56ರಲ್ಲಿ ನಡೆದ ಮಾಂಟ್ಗೊಮರಿ ಬಸ್ ಬಹಿಷ್ಕಾರದಲ್ಲಿ ಜಾರ್ಜಿಯಾ ಗಿಲ್ಮೋರ್ ಮತ್ತು ಸಂಗಾತಿಗಳು ಚಿಕನ್ ಸ್ಯಾಂಡ್‌ವಿಚ್, ಕೇಕ್ ಮಾರಿ ಚಳವಳಿಗೆ ಹಣ ಕೂಡಿಸಿದರು. ಇದೇ ತಿನಿಸನ್ನು ಹಿಡಿದು ಕಪ್ಪು ಜನರನ್ನು ಹೀಯಾಳಿಸುವ ಚಿತ್ರ, ಜಾಹೀರಾತುಗಳೂ ದಶಕಗಳ ಕಾಲ ಬಂದವು. ಆ ಗಾಯ ಇನ್ನೂ ಮಾಯ್ದಿಲ್ಲ.

ಆಗ ಇದು ಎಳೆ ಹುಂಜ ಸಿಗುವ ಋತುವಿನ, ಹೆಚ್ಚಾಗಿ ಭಾನುವಾರದ ಊಟ. 1923ರಲ್ಲಿ ಡೆಲವೇರ್‌ನ ಸೆಸಿಲ್ ಸ್ಟೀಲ್ 50 ಮರಿ ಕೇಳಿದ್ದಕ್ಕೆ 500 ಬಂದವು. ಅವನ್ನು ಮಾಂಸಕ್ಕೆಂದೇ ಬೆಳೆಸಿ ಮಾರಿದಲ್ಲಿಂದ ಬ್ರಾಯ್ಲರ್ ಉದ್ಯಮ ಚಿಗುರಿತು, ಕೋಳಿ ವರ್ಷವಿಡೀ ಅಗ್ಗವಾಯಿತು. ಬಾಣಲೆಯಲ್ಲಿ ಕರಿಯಲು ಅರ್ಧ ಗಂಟೆ ಬೇಕು, ಗಿರಾಕಿ ಕಾಯುವುದಿಲ್ಲ ಎಂದು ಮುಂದೆ ಕೆಎಫ್‌ಸಿ ಕಟ್ಟಿದ ಕೆಂಟಕಿಯ ಹಾರ್ಲಂಡ್ ಸ್ಯಾಂಡರ್ಸ್ 1939ರಲ್ಲಿ ಪ್ರೆಶರ್ ಕುಕ್ಕರ್ ಹಿಡಿದರು. ಮನೆಯಲ್ಲಿ ಇದನ್ನು ಖಂಡಿತ ಅನುಕರಿಸಬೇಡಿ. ನಮ್ಮ ಕುಕ್ಕರುಗಳು ನೀರಿನ ಹಬೆಗೆ ಮಾಡಿದವು. ಒಳಗೆ ಎಣ್ಣೆ ಕಾಯಿಸಿ ಮುಚ್ಚಳ ಬಿಗಿದರೆ ಗ್ಯಾಸ್ಕೆಟ್ ಸೋತು ಕುದಿಯುವ ಎಣ್ಣೆ ಸಿಡಿಯಬಹುದು.

ಬೇಕಾದದ್ದು 1.2 ಕಿಲೋ ಫಾರಂ ಕೋಳಿ. ನಾಟಿ ಕೋಳಿ ಸಾರಿಗೆ ಸರಿ, ಇಷ್ಟು ಹೊತ್ತಿನ ಕರಿಯುವಿಕೆಗೆ ಬೇಯುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಕೇಳದಿದ್ದರೆ ಚರ್ಮ ಸುಲಿದು ಸಣ್ಣಗೆ ಕೊಚ್ಚಿಬಿಡುತ್ತಾರೆ. ಚರ್ಮ ಇರಲಿ, ಲೆಗ್ 2, ತೊಡೆ 2, ರೆಕ್ಕೆ 2, ಎದೆ 4 ತುಂಡು ಮಾಡಿ ಎಂದು ಮೊದಲೇ ಹೇಳಿ. 300 ಗ್ರಾಂ ಹುಳಿ ಮೊಸರಿಗೆ 100 ಮಿ.ಲೀ. ನೀರು, 3 ಟೀ ಚಮಚ (18 ಗ್ರಾಂ) ಪುಡಿ ಉಪ್ಪು, 1 ಟೀ ಚಮಚ ಕಾಳುಮೆಣಸಿನ ಪುಡಿ ಬೆರೆಸಿ, ಕೋಳಿ ನೆನೆಸಿ 8ರಿಂದ 12 ಗಂಟೆ ಫ್ರಿಜ್‌ನಲ್ಲಿಡಿ. ಉಪ್ಪು ಮೂಳೆಯವರೆಗೆ ಇಳಿಯಲು ಅಷ್ಟು ಹೊತ್ತು ಬೇಕು. ಒಂದು ದಿನ ದಾಟಿದರೆ ಹುಳಿಗೆ ಮಾಂಸ ಹಿಟ್ಟುಹಿಟ್ಟಾಗುತ್ತದೆ.

ಮೈದಾ 250 ಗ್ರಾಂ, ಕಾರ್ನ್‌ಫ್ಲೋರ್ 50 ಗ್ರಾಂ, ಉಪ್ಪು, ಅಚ್ಚಖಾರದ ಪುಡಿ, ಬೇಕಿಂಗ್ ಪೌಡರ್ ತಲಾ 1 ಟೀ ಚಮಚ. ನೆನೆಸಿದ ಮೊಸರನ್ನೇ 2 ದೊಡ್ಡ ಚಮಚ ಹಿಟ್ಟಿಗೆ ಹಾಕಿ ಬೆರಳಲ್ಲಿ ಉಜ್ಜಿ. ಆ ಸಣ್ಣ ಉಂಡೆಗಳಿಂದಲೇ ಮೇಲ್ಪದರ ಉಬ್ಬುತಗ್ಗಾಗಿ ಗರಿಯಾಗುವುದು. ಮೊಸರು ತೊಟ್ಟಿಕ್ಕಿಸಿ, ಹಿಟ್ಟಿಗೆ ಒತ್ತಿ, ಹೆಚ್ಚಿನದನ್ನು ಕೊಡವಿ, ಜಾಲರಿಯ ಮೇಲೆ 20 ನಿಮಿಷ ಬಿಡಿ. ಈ ಬಿಡುವು ಕೊಡದಿದ್ದರೆ ಒಣ ಹಿಟ್ಟು ಎಣ್ಣೆಗೆ ಉದುರಿ, ಕರಟಿ, ಮುಂದಿನ ಸರದಿಯನ್ನೆಲ್ಲ ಕಹಿ ಮಾಡುತ್ತದೆ.

ದಪ್ಪ ಕಬ್ಬಿಣದ ಬಾಣಲೆಯಲ್ಲಿ ತುಂಡಿನ ಅರ್ಧ ಮುಳುಗುವಷ್ಟು ಕಡಲೆಕಾಯಿ ಎಣ್ಣೆ ಸಾಕು. ಬಿಡುಗಡೆಗೊಂಡ ಗುಲಾಮರು ವರ್ಜೀನಿಯಾದಲ್ಲಿ ಕಟ್ಟಿದ ಫ್ರೀಟೌನ್‌ನಲ್ಲಿ ಹುಟ್ಟಿದ ಅಡುಗೆ ಲೇಖಕಿ ಎಡ್ನಾ ಲೂಯಿಸ್ ಹಂದಿಕೊಬ್ಬಿಗೆ ಬೆಣ್ಣೆಯನ್ನೂ ಉಪ್ಪು ಹಾಕಿ ಒಣಗಿಸಿದ ಹಂದಿ ಮಾಂಸದ ಒಂದು ಹೋಳನ್ನೂ ಸೇರಿಸುತ್ತಿದ್ದರು. ಎಣ್ಣೆ 175 ಡಿಗ್ರಿಗೆ ಕಾಯಲಿ. ತುಂಡು ಬಿದ್ದೊಡನೆ ಅದು 150ರ ಹತ್ತಿರ ಇಳಿಯುತ್ತದೆ. ಉರಿ ಹೊಂದಿಸುತ್ತ 155–160ರಲ್ಲಿ ಹಿಡಿದಿಡಿ. ಒಂದು ಸರದಿಗೆ 4–5 ತುಂಡಷ್ಟೇ. ತುಂಬಿದರೆ ಎಣ್ಣೆ ತಣಿದು ಹಿಟ್ಟು ಎಣ್ಣೆ ಕುಡಿಯುತ್ತದೆ. ಮೊದಲ 4 ನಿಮಿಷ ಮುಟ್ಟಬೇಡಿ, ಪದರ ಕೂರುವ ಮೊದಲೇ ಮಗುಚಿದರೆ ಕಿತ್ತುಬರುತ್ತದೆ. ರೆಕ್ಕೆಗೆ ಸುಮಾರು 10 ನಿಮಿಷ, ಎದೆಗೆ 12, ಲೆಗ್ ಮತ್ತು ತೊಡೆಗೆ 15. ಥರ್ಮಾಮೀಟರ್ ಚುಚ್ಚಿದಾಗ ಎದೆ 74, ತೊಡೆ 80 ಡಿಗ್ರಿ ತೋರಿಸಬೇಕು. ಮೂಳೆಯ ಬಳಿ ಕೆಂಪು ಕಂಡರೆ ಗಾಬರಿ ಬೇಡ. ಎಳೆ ಕೋಳಿಯ ಮಜ್ಜೆಯ ಬಣ್ಣ ಬೆಂದ ಮೇಲೂ ಉಳಿಯುತ್ತದೆ, ಅಳತೆಯನ್ನೇ ನಂಬಿ. ಹೊರಗೆ ಕಪ್ಪು, ಒಳಗೆ ಹಸಿ ಎಂದಾದರೆ ಉರಿ ಜೋರಾಯಿತು ಅಥವಾ ಹಿಟ್ಟಿನಲ್ಲಿ ಖಾರದ ಪುಡಿ ಹೆಚ್ಚಾಯಿತು ಎಂದರ್ಥ.

ತೆಗೆದ ತುಂಡನ್ನು ಪೇಪರಿನ ಮೇಲಲ್ಲ, ಜಾಲರಿಯ ಮೇಲಿಡಿ, ಇಲ್ಲದಿದ್ದರೆ ಅಡಿಯಲ್ಲಿ ಹಬೆ ಸಿಕ್ಕಿ ತಳ ಮೆತ್ತಗಾಗುತ್ತದೆ. ಬಿಸಿಯಿರುವಾಗಲೇ ಚಿಟಿಕೆ ಉಪ್ಪು. ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮರುದಿನ ಮೈಕ್ರೊವೇವ್ ಬೇಡ, 180 ಡಿಗ್ರಿ ಓವನ್‌ನಲ್ಲಿ 12ರಿಂದ 15 ನಿಮಿಷ ಒಳಗೂ ಬಿಸಿಯಾಗುವ ತನಕ ಇಡಿ, ಇಲ್ಲವೇ ತಣ್ಣಗೇ ತಿನ್ನಿ.