ಕಪ್ಪೆ ಉಳಿಸುವ ಮಾತು ಕೊಳೆ ಔಷಧಿ ಡ್ರಮ್ಮಿನಿಂದ ಶುರುವಾಗಲಿ: ಮಲೆನಾಡಿನ ಸ್ವಯಂಸೇವಕರಿಗೆ ಅಧ್ಯಯನ ಟಿಪ್ಪಣಿ

2023ರ ಜಾಗತಿಕ ಮೌಲ್ಯಮಾಪನದ ಪ್ರಕಾರ ಉಭಯವಾಸಿಗಳಲ್ಲಿ ಸುಮಾರು ಶೇ 41ರಷ್ಟು ಪ್ರಭೇದಗಳು ಅಳಿವಿನ ಅಂಚಿನತ್ತ ಸಾಗುತ್ತಿವೆ. ಈ ಅಂಕಿ ಪರೀಕ್ಷೆಗೆ ನೆನಪಿರಲಿ. ಊರ ಸಭೆಯಲ್ಲಿ ಇದನ್ನೇ ಹೇಳಿದರೆ ಜನ ತಲೆದೂಗಿ ಮನೆಗೆ ಹೋಗುತ್ತಾರೆ, ಅಷ್ಟೆ. ಯಾವ ವಾರ, ಯಾವ ಜಾಗದಲ್ಲಿ, ಯಾವ ಒಂದು ಕೆಲಸ ಬದಲಾಗಬೇಕು ಎಂದು ಹೇಳಿದಾಗ ಮಾತ್ರ ಏನಾದರೂ ಆಗುತ್ತದೆ.

ಮೊದಲು ಚರ್ಮದ ವಿಷಯ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರುತ್ತದೆ. ಉಸಿರಾಟದ ಒಂದು ಪಾಲೂ ಚರ್ಮದ ಮೂಲಕವೇ. ಮನೆಯೊಳಗೆ ಬಂದ ಕಪ್ಪೆಗೆ ಉಪ್ಪು ಎರಚುವುದು ಹಲವೆಡೆ ರೂಢಿ. ಆ ಉಪ್ಪು ಮೈಯ ನೀರನ್ನೇ ಹೊರಗೆಳೆಯುತ್ತದೆ, ಕಪ್ಪೆ ನರಳಿ ಸಾಯುತ್ತದೆ. ಪೊರಕೆಯಿಂದ ಮೊರಕ್ಕೆ ದೂಡಿ ಹೊರಗೆ ಬಿಟ್ಟರೆ ಸಾಕು. ನೆಲಗಪ್ಪೆ ಮುಟ್ಟಿದರೆ ನರುಳ್ಳೆ ಏಳುತ್ತದೆ ಎಂಬುದು ಸುಳ್ಳು. ಆದರೆ ಅದರ ಕಣ್ಣಿನ ಹಿಂದಿನ ಉಬ್ಬು ಗ್ರಂಥಿಗಳಲ್ಲಿ ವಿಷವಿರುವುದು ನಿಜ. ಕಚ್ಚಿದ ನಾಯಿ ನೊರೆ ಕಕ್ಕುವುದು ಅದಕ್ಕೇ. ಮುಟ್ಟಿದವರು ಕೈ ತೊಳೆದುಕೊಳ್ಳಬೇಕು.

ಎಲ್ಲಿ ಮೊಟ್ಟೆ ಇಡುತ್ತವೆ?

‘ಕೆರೆ ಉಳಿಸಿ, ಕಪ್ಪೆ ಉಳಿಯುತ್ತದೆ’ ಎಂಬ ಘೋಷಣೆ ಅರ್ಧ ಸರಿ. ಗೂಳಿಗಪ್ಪೆಗೆ ಮೊದಲ ಮಳೆಯಲ್ಲಿ ಗದ್ದೆಯಲ್ಲಿ ನಿಂತ ನೀರೇ ಸಾಕು. ನೆಲಗಪ್ಪೆ ಕಪ್ಪು ಮಣಿ ಪೋಣಿಸಿದಂತೆ ಉದ್ದನೆಯ ಅಂಟು ಸರಗಳಲ್ಲಿ ಮೊಟ್ಟೆ ಇಡುತ್ತದೆ. ಹಸಿರು ಹಾರುವ ಕಪ್ಪೆ ನೀರಿನ ಮೇಲೆ ಚಾಚಿದ ಕೊಂಬೆಯಲ್ಲಿ ನೊರೆಗೂಡು ಕಟ್ಟುತ್ತದೆ; ಮರಿಗಳು ಗೊದಮೊಟ್ಟೆಗಳಾಗಿ ಕೆಳಗಿನ ನೀರಿಗೆ ಉದುರುತ್ತವೆ. ತೋಟದ ತೊಟ್ಟಿಯ ಮೇಲೆ ನೊರೆ ಕಂಡರೆ ಕೊಂಬೆ ಕಡಿಯಬೇಡಿ, ಗೂಡನ್ನು ಬಕೆಟ್ಟಿಗೆ ಸಾಗಿಸಲೂ ಬೇಡಿ. ನೊರೆ ಕರಗುವವರೆಗೆ ಕಾದರಾಯಿತು.

2014ರಲ್ಲಿ ಉತ್ತರ ಕನ್ನಡದ ಕತ್ತಲೆಕಾನಿನಿಂದ ವಿವರಿಸಲ್ಪಟ್ಟ ಕುಂಬಾರ ಕಪ್ಪೆಯದು ಇನ್ನೊಂದೇ ಕಥೆ. ಇದರ ಗಂಡು ತೊರೆಯ ತಳದ ಕೆಸರನ್ನು ಮುಂಗಾಲುಗಳಲ್ಲಿ ಎತ್ತಿ ತಂದು, ಕಡ್ಡಿಗಳ ಮೇಲಿರುವ ಮೊಟ್ಟೆಗಳಿಗೆ ಮೆತ್ತುತ್ತದೆ. ಹಾಗಾಗಿ ತೊರೆಯ ‘ಕಸ’ ಎಂದು ಬಿದ್ದ ಕಡ್ಡಿಗಳನ್ನು ಮಳೆಗಾಲದಲ್ಲಿ ಎಳೆದು ಹಾಕುವುದು ಇದಕ್ಕೆ ನೇರ ಹೊಡೆತ. ಪೊದೆಗಪ್ಪೆಗಳಿಗೆ ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯಿಂದ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಅವಕ್ಕೆ ಕೆರೆ ಬೇಡ, ತೇವವಾದ ಎಲೆಗಳೂ ದರಗೂ (ಉದುರಿದ ತರಗೆಲೆ) ಬೇಕು. ಕೊಟ್ಟಿಗೆಗೆ ದರಗು ಗುಡಿಸುವವರನ್ನು ತಡೆಯಲಾಗದು. ತೊರೆಯಂಚಿನ ಒಂದು ಪಟ್ಟಿಯನ್ನು ಬಿಟ್ಟು ಗುಡಿಸಿ ಎಂದರೆ ಒಪ್ಪುತ್ತಾರೆ.

ಬೋರ್ಡೋ ದ್ರಾವಣ

ಅಡಿಕೆ ಸೀಮೆಯಲ್ಲಿ ಮುಖ್ಯ ಪಾಠ ಇದು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯೇ ಬೋರ್ಡೋ ದ್ರಾವಣ. ಮೈಲುತುತ್ತು (ತಾಮ್ರದ ಸಲ್ಫೇಟ್) 1 ಕಿಲೊ 50 ಲೀಟರ್ ನೀರಿನಲ್ಲಿ, ಸುಣ್ಣ 1 ಕಿಲೊ ಮತ್ತೊಂದು 50 ಲೀಟರಿನಲ್ಲಿ. ಎರಡೂ ಬೆರೆತರೆ ಶೇ 1ರ ದ್ರಾವಣ. ಮುಂಗಾರಿನ ಆರಂಭಕ್ಕೆ ಮೊದಲ ಸಿಂಪಡಣೆ, 40–45 ದಿನಕ್ಕೆ ಎರಡನೆಯದು. ಅದೇ ವಾರಗಳಲ್ಲಿ ತೋಟದ ಬಸಿಗಾಲುವೆ ತುಂಬ ಗೊದಮೊಟ್ಟೆಗಳು. ನೀರಿನಲ್ಲಿ ಕರಗಿದ ತಾಮ್ರ ಅವುಗಳಿಗೆ ವಿಷ.

‘ಔಷಧಿ ಹೊಡೆಯಬೇಡಿ’ ಎನ್ನುವವರ ಮಾತನ್ನು ಕೊಳೆ ಕಂಡ ರೈತ ಮತ್ತೆ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಎರಡು ವಿಷಯ ಹೇಳಿ. ಒಂದು, ಹಳೆಯ ಸುಣ್ಣ ಸತ್ವ ಕಳೆದುಕೊಂಡಿದ್ದರೆ ತಾಮ್ರ ಪೂರ್ತಿ ಗಟ್ಟಿಗೊಳ್ಳದೆ ಕರಗಿದ ರೂಪದಲ್ಲೇ ಉಳಿಯುತ್ತದೆ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಸುಣ್ಣದ ತಿಳಿ ಸೇರಿಸಿ ಮತ್ತೆ ಪರೀಕ್ಷಿಸಿ. ಹುಳಿ ಉಳಿದ ದ್ರಾವಣ ಬೆಳೆಯನ್ನೂ ಸುಡುತ್ತದೆ, ಆದ್ದರಿಂದ ರೈತರಿಗೆ ಇದು ತಮ್ಮದೇ ಕೆಲಸ. ಎರಡು, ಬೆರೆಸುವ ಜಾಗ ಕೆರೆ, ತೊರೆ, ಕಾಲುವೆಯಿಂದ ಕನಿಷ್ಠ 30 ಹೆಜ್ಜೆ ದೂರವಿರಲಿ. ತಾಮ್ರ ಒಂದೇ ಕಡೆ ಗಾಢವಾಗಿ ಬೀಳುವುದು ಡ್ರಮ್ಮು, ಪೈಪು ತೊಳೆಯುವಾಗ. ತೊಳೆದ ನೀರನ್ನು ಕೊನೆಯ ನಾಲ್ಕು ಮರಗಳಿಗೇ ಸಿಂಪಡಿಸಿ ಮುಗಿಸಿ, ಹಳ್ಳಕ್ಕೆ ಚೆಲ್ಲಬೇಡಿ.

ಬಾವಿ, ತೊಟ್ಟಿ, ಮೀನು

ನಯವಾದ ಸಿಮೆಂಟ್ ತೊಟ್ಟಿಗೆ ಬಿದ್ದ ನೆಲಗಪ್ಪೆ ಹತ್ತಲಾರದೆ ಸಾಯುತ್ತದೆ. ಅಡಿಕೆ ದಬ್ಬೆಗೆ ತೆಂಗಿನ ನಾರಿನ ಹಗ್ಗ ಸುತ್ತಿ 45 ಡಿಗ್ರಿಗಿಂತ ಕಡಿಮೆ ಓರೆಯಲ್ಲಿ ಇಳಿಬಿಡಿ. ಸಾಮಾನ್ಯವಾಗಿ ತಪ್ಪುವುದು ಒಂದೇ ಕಡೆ: ದಬ್ಬೆಯನ್ನು ತೊಟ್ಟಿಯ ನಡುವೆ ಇಡುತ್ತಾರೆ. ಕಪ್ಪೆ ಗೋಡೆಯ ಅಂಚಿನಲ್ಲೇ ಸುತ್ತುತ್ತದೆ, ಆದ್ದರಿಂದ ದಬ್ಬೆ ಗೋಡೆಗೆ ತಾಗಿಕೊಂಡು ಮೂಲೆಯಲ್ಲಿರಬೇಕು.

‘ಕಪ್ಪೆ ಸೊಳ್ಳೆ ತಿನ್ನುತ್ತದೆ’ ಎಂದು ಭಾಷಣದಲ್ಲಿ ಒತ್ತಿ ಹೇಳಬೇಡಿ. ದೊಡ್ಡ ಕಪ್ಪೆಗಳ ಊಟ ಇರುವೆ, ಗೆದ್ದಲು, ಜೀರುಂಡೆಗಳೇ ಹೆಚ್ಚು. ಬಹುತೇಕ ಗೊದಮೊಟ್ಟೆಗಳು ಪಾಚಿ ಕೆರೆದು ತಿನ್ನುತ್ತವೆ. ಸೊಳ್ಳೆಗೆಂದು ಬಿಡುವ ಗಂಬೂಸಿಯಾ ಮೀನು ಮಾತ್ರ ಗೊದಮೊಟ್ಟೆಗಳನ್ನೇ ನುಂಗುತ್ತದೆ. ಮುಚ್ಚಿದ ತೊಟ್ಟಿಗೆ ಬೇಕಾದರೆ ಬಿಡಲಿ, ಕೆರೆ, ಹೊಂಡ, ತೊರೆಗೆ ಖಂಡಿತ ಬೇಡ.

ಗೂಳಿಗಪ್ಪೆ ಹಿಡಿಯುವವರಿದ್ದರೆ ಕಾನೂನು ತಿಳಿಸಿ. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ; ಕಪ್ಪೆಕಾಲಿನ ರಫ್ತನ್ನು ಭಾರತ 1987ರಲ್ಲೇ ನಿಷೇಧಿಸಿತು. ಮೊದಲ ಮಳೆಯ ರಾತ್ರಿ ಹಳದಿ ಬಣ್ಣಕ್ಕೆ ತಿರುಗಿದ ಗಂಡುಗಳು ದೂರದಿಂದಲೇ ಕಾಣುವುದರಿಂದ ಅಂದೇ ಹೆಚ್ಚು ಸಿಕ್ಕಿಬೀಳುತ್ತವೆ.

ರಾತ್ರಿ ನಡಿಗೆ

‘ಕಪ್ಪೆ ಉಳಿಸಿ ದಿನ’ ಏಪ್ರಿಲ್ ಕೊನೆಗೆ ಬರುತ್ತದೆ. ಮಲೆನಾಡಿನ ಕಪ್ಪೆಗಳು ಆಗಿನ್ನೂ ಬಹುಪಾಲು ಅಡಗಿರುತ್ತವೆ. ಆ ದಿನವನ್ನು ಡ್ರಮ್ಮು, ದಬ್ಬೆಗಳ ತಯಾರಿಗೆ ಬಳಸಿ. ನಡಿಗೆಯನ್ನು ಜೂನಿಗೆ ಇಡಿ. ಮಳೆ ಬಿಟ್ಟ ಸಂಜೆ 7ರಿಂದ 9, ಹತ್ತು ಜನಕ್ಕಿಂತ ಹೆಚ್ಚು ಬೇಡ. ಹೆಜ್ಜೆ ಸದ್ದಿಗೆ ಕಪ್ಪೆಗಳು ಸುಮ್ಮನಾಗುತ್ತವೆ. ಟಾರ್ಚ್ ಆರಿಸಿ ಐದು ನಿಮಿಷ ನಿಂತರೆ ಮತ್ತೆ ಕೂಗುತ್ತವೆ, ಆಗ ಮೂರು ನಿಮಿಷ ಮೊಬೈಲಿನಲ್ಲಿ ಧ್ವನಿ ಮುದ್ರಿಸಿ, ಜೀವಿಗಳನ್ನು ದಾಖಲಿಸುವ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಹಾಕಿ. ಮಣಿಪಾಲದ ಕೆಂಪುಕಲ್ಲಿನ ಬಯಲಿನಿಂದ 2016ರಲ್ಲಿ ವಿವರಿಸಲಾದ ಪುಟ್ಟ ಕಪ್ಪೆಯ ಕೂಗು ಕೀಟದ ಸದ್ದಿನಂತಿದೆ; ಕಿವಿಗೊಡದವರಿಗೆ ಅದು ಹುಳುವೇ. ಸೊಳ್ಳೆ ಮುಲಾಮು, ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಮುಟ್ಟಬಾರದು. ಇನ್ನೊಂದು ಹಳ್ಳಕ್ಕೆ ಹೋಗುವ ಮೊದಲು ಬೂಟಿನ ಕೆಸರು ಉಜ್ಜಿ ಪೂರ್ತಿ ಒಣಗಿಸಿ. ಚರ್ಮರೋಗ ತರುವ ಕೈಟ್ರಿಡ್ ಶಿಲೀಂಧ್ರ ತೇವದಲ್ಲಿ ಸಾಗುತ್ತದೆ, ಒಣಗಿದರೆ ಸಾಯುತ್ತದೆ.

ಸಿಸಿಲಿಯನ್

ತೋಟದಲ್ಲಿ ಬುಡ ಬಿಡಿಸುವಾಗ ಸಿಗುವ, ಕಾಲಿಲ್ಲದ, ಉಂಗುರ ಗೆರೆಗಳ ಜೀವಿಯನ್ನು ಹಾವೆಂದು ಕೊಚ್ಚುತ್ತಾರೆ. ಹಾವಿಗೆ ಹುರುಪೆ ಇದೆ, ಇದಕ್ಕೆ ಲೋಳೆಯ ನುಣುಪು ಮೈ. ಎರೆಹುಳುವಿಗೆ ದವಡೆಯಿಲ್ಲ, ಇದಕ್ಕೆ ಹಲ್ಲಿರುವ ಬಾಯಿದೆ. ಇದೂ ಉಭಯವಾಸಿಯೇ, ಮನುಷ್ಯರಿಗೆ ಅಪಾಯವಿಲ್ಲ. ಒದ್ದೆ ಮಣ್ಣಿನ ಸಮೇತ ಸಲಿಕೆಯಲ್ಲಿ ಎತ್ತಿ ನೆರಳಿನಲ್ಲಿ ಬಿಟ್ಟು ಮೇಲೆ ದರಗು ಮುಚ್ಚಿ. ಬಿಸಿಲಿಗೆ ಬಿಟ್ಟರೆ ಬೇಗನೆ ಒಣಗಿ ಸಾಯುತ್ತದೆ.